ಸಂರುವಯ್ ಹೆಸರಿಗೆ ಬಂದ ಕಾಗದ

ಅಂಚೆಯವನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಗೇಟಿನ ಆಚೆಯಿಂದಲೇ ಕೂಗಿದ.

"ಪೀ ತುಯ್, ಈ ಸಂರುವಯ್ ಅನ್ನೋಳು ಬದುಕಿದ್ದಾಳಾ?"

"ಸತ್ತು ನಾಲ್ಕು ವರ್ಷ ಆಯ್ತು," ಎಂದಳು ತುಯ್, ಕೈಯಲ್ಲಿದ್ದ ಪೊರಕೆ ಕೆಳಗಿಡದೆ. "ಏನಂತೆ ಅವಳಿಗೆ?"

"ಬ್ಯಾಂಕಾಕ್ ಸರ್ಕಾರದಿಂದ ಪ್ರೇಮಪತ್ರ ಬಂದೈತೆ. ಗರುಡನ ಮುದ್ರೆ ನೋಡಿ."

ನಗುನಗುತ್ತಲೇ ತೆಗೆದುಕೊಂಡಳು. ಓದಿದ ಮೇಲೆ ನಗು ಎಲ್ಲಿ ಅಡಗಿತೋ ತಿಳಿಯಲಿಲ್ಲ. ಈ ಮನೆ ಯಾವ ಕಂಪನಿಯ ಹೆಸರಲ್ಲಿದೆಯೋ ಆ ಕಂಪನಿಯ ನೂರು ಪಾಲಿನಲ್ಲಿ ಇಪ್ಪತ್ತಾರಕ್ಕೆ ಒಡತಿಯಾದ ಸಂರುವಯ್ ಎಂಬುವರು ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾಥೋನ್ ಪೇಟೆಯ ಕಚೇರಿಗೆ ಖುದ್ದಾಗಿ ಬರತಕ್ಕದ್ದು, ಆ ಪಾಲು ಕೊಳ್ಳಲು ಹಣ ಎಲ್ಲಿಂದ ಬಂತೆಂದು ತೋರಿಸತಕ್ಕದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು: ವಿದೇಶಿಯ ಪರವಾಗಿ ಬರಿ ಹೆಸರು ಕೊಟ್ಟು ಕೂತವರಿಗೆ ಮೂರು ವರ್ಷದ ತನಕ ಸೆರೆ. ಅಂದು ಮಂಗಳವಾರ. ತುಯ್ ಪೊರಕೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಸಂರುವಯ್ ಬೇರೆ ಯಾರೂ ಅಲ್ಲ, ಅವಳೇ. ಹುಟ್ಟಿದಾಗ ದುಂಡಗಿದ್ದಳೆಂದು ಮನೆಯವರು ತುಯ್ ಎಂದು ಕರೆದರು; ಈಗ ಒಣಗಿದ ಹೆಡೆಮಟ್ಟೆಯ ಹಾಗಿದ್ದರೂ ಊರಿಗೆಲ್ಲ ತುಯ್, ಚಿಕ್ಕವರಿಗೆ ಪೀ ತುಯ್, ಅಂದರೆ ತುಯ್ ಅಕ್ಕ. ಕಾಗದದ ಹೆಸರು ಸಂರುವಯ್, ಅಂದರೆ ಸಿರಿವಂತೆ. ಅಪ್ಪ ಕೋತಿಗೆ ಹಗ್ಗ ಕಟ್ಟಿ ಮರ ಹತ್ತಿಸಿ ತೆಂಗಿನಕಾಯಿ ಕೀಳಿಸುತ್ತಿದ್ದವನು, ಮಗಳಾದರೂ ಚೆನ್ನಾಗಿ ಬದುಕಲಿ ಎಂದು ಆಸೆಪಟ್ಟು ಇಟ್ಟದ್ದು. ಆ ಹೆಸರು ಅವಳಿಗೆ ಒಂದು ದಿನವೂ ಹಿಡಿಸಲಿಲ್ಲ. ಗಂಡ ಮೀನಿನ ದೋಣಿಯಲ್ಲಿ ಹೋದವನು ರನೋಂಗಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಸ್ಕೂಟರಿನಿಂದ ಬಿದ್ದು ಒಂದೇ ಕಾಲು ಎರಡು ಸಲ ಮುರಿಯಿತು. ನಾಲ್ಕು ವರ್ಷದ ಹಿಂದೆ ಮಠದ ಹಿರಿಯ ಭಿಕ್ಷು ಅವಳು ಹುಟ್ಟಿದ ವಾರ ಕೇಳಿ, "ಭಾನುವಾರದವಳಿಗೆ ಹೆಸರಿನ ಈ ಮೊದಲಕ್ಷರ ಶತ್ರು ಕಣಮ್ಮ," ಎಂದು ಹೊಸ ಹೆಸರು ಬರೆದುಕೊಟ್ಟರು: ಪುಣ್ಯಾಪಾ. ನಮ್ಮ ದ್ವೀಪದಲ್ಲಿ ಇದೇನು ದೊಡ್ಡ ಸಂಗತಿಯಲ್ಲ. ದಿನ ಸರಿಯಿಲ್ಲದಿದ್ದರೆ ಹೆಸರು ಬದಲಾಯಿಸುತ್ತೇವೆ, ಕಚೇರಿಯಲ್ಲಿ ಅರ್ಧ ಗಂಟೆಯ ಕೆಲಸ. "ಹಳೇದನ್ನ ಇನ್ನು ಬರೀಬೇಡ, ಯಾರಾದ್ರೂ ಕರೆದ್ರೆ ಓ ಅನ್ನಬೇಡ," ಎಂದಿದ್ದರು ಭಿಕ್ಷು. ಅವಳು ಹಾಗೇ ನಡೆದುಕೊಂಡಳು. ಕರೆಯುವವರೆಲ್ಲ ತುಯ್ ಎಂದೇ ಕರೆಯುವುದರಿಂದ ಯಾರಿಗೂ ಹೇಳುವ ಪ್ರಮೇಯವೇ ಬರಲಿಲ್ಲ. ಅಲ್ಲೇ ತಪ್ಪಿದ್ದು.

ಮನೆ ಲುಂಗ್ ಹೆನ್ನಿಂಗ್‌ದು. ಲುಂಗ್ ಎಂದರೆ ನಮ್ಮಲ್ಲಿ ದೊಡ್ಡಪ್ಪ. ಡೆನ್ಮಾರ್ಕಿನವನು, ಹಡಗುಗಳ ಎಂಜಿನ್ ನೋಡಿಕೊಂಡು ಆಯುಷ್ಯ ಕಳೆದು ಇಲ್ಲಿ ಬಂದು ನೆಲೆಸಿದ ಎಪ್ಪತ್ತಾರರ ಮುದುಕ. ಹೊರದೇಶದವರಿಗೆ ಇಲ್ಲಿ ನೆಲ ಕೊಳ್ಳಲು ಕಾನೂನು ಬಿಡುವುದಿಲ್ಲ. ಕಂಪನಿ ಕೊಳ್ಳಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮವರದ್ದಿರಬೇಕು. ಹಾಗಾಗಿ ಲುಂಗ್‌ಗೆ ನಲವತ್ತೊಂಬತ್ತು, ಲಾಯರಮ್ಮನ ಕಚೇರಿಯ ಗುಮಾಸ್ತಳಿಗೆ ಇಪ್ಪತ್ತೈದು, ನೆಲ ಒರೆಸುವ ತುಯ್‌ಗೆ ಇಪ್ಪತ್ತಾರು. ಹನ್ನೆರಡು ವರ್ಷದ ಹಿಂದೆ ಲಾಯರಮ್ಮ ಪಟ್ಚರಿ ಒಂದು ಕಟ್ಟು ಕಾಗದ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ತುಯ್ ಒದ್ದೆ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಕೂತಲ್ಲೇ ಮೂವತ್ತು ಹಾಳೆಗೆ ಸಹಿ ಹಾಕಿದಳು. ಕೆಲವುಗಳಲ್ಲಿ ತಾರೀಖಿರಲಿಲ್ಲ, ಕೆಲವುಗಳಲ್ಲಿ ಏನೂ ಬರೆದಿರಲಿಲ್ಲ. ಎಲ್ಲ ಮನೆಗಳಲ್ಲೂ ಹಾಗೇ ಮಾಡುತ್ತಾರೆ ಎಂದಳು ಲಾಯರಮ್ಮ. ಅದು ಮಾತ್ರ ಸುಳ್ಳಲ್ಲ.

ಇನ್ನೊಂದು ಹೇಳಬೇಕು. ಆ ಮನೆ ನಿಂತ ನೆಲ ತುಯ್‌ಳ ಅಮ್ಮನದು. ಅಮ್ಮ ಕಂಪನಿಗೆ ಮಾರಿ, ಬಂದದ್ದನ್ನೆಲ್ಲ ಮಗನ ಪಿಕಪ್ ಗಾಡಿಗೂ ಅವನು ಕೆಲವು ವಾರದ ಮಟ್ಟಿಗೆ ತೊಟ್ಟ ಭಿಕ್ಷುದೀಕ್ಷೆಯ ಊಟಕ್ಕೂ ಸುರಿದಳು. ಮಗಳಿಗೆ ಉಳಿದದ್ದು ಅದೇ ನೆಲ ಗುಡಿಸುವ ಕೆಲಸ. ಅಪ್ಪನ ಕೋತಿ ಹತ್ತುತ್ತಿದ್ದ ಹನ್ನೊಂದು ಮರಗಳು ಇನ್ನೂ ಅಂಗಳದಲ್ಲಿವೆ.

ಬುಧವಾರ ತುಯ್, ಲುಂಗ್ ಇಬ್ಬರೂ ಲಾಯರಮ್ಮನ ಮುಂದೆ ಕೂತರು. ಅವಳಿಗೆ ಗಾಬರಿಯೇನೂ ಇದ್ದಂತಿರಲಿಲ್ಲ. ಕಡತದಿಂದ ಒಂದು ಹಳೆಯ ಹಾಳೆ ಎಳೆದಳು. ಕೆಳಗೆ ಸಂರುವಯ್ ಎಂಬ ಸಹಿ ಮಾತ್ರ.

"ನೋಡಿ ಪೀ, ಇದು ಪಾಲು ಮಾರಿದ ಪತ್ರ. ಹೋದ ವರ್ಷದ ಆಗಸ್ಟ್ ಅಂತ ತಾರೀಖು ಹಾಕ್ತೀನಿ. ನೀವು ನಮ್ಮ ಅಕ್ಕನ ಮಗನಿಗೆ ಮಾರಿಬಿಟ್ಟಿದ್ದೀರಿ. ನಾಳೆ ಇದನ್ನ ಅವರ ಮುಂದಿಟ್ಟು ಕೈಮುಗಿದು ಬನ್ನಿ. ಆಮೇಲೆ ನಿಮ್ಮನ್ನ ಯಾರೂ ಮಾತಾಡಿಸಲ್ಲ."

ತುಯ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಲಾಯರಮ್ಮನ ಪೆನ್ನು ಹಾಳೆಗೆ ತಾಗುವಷ್ಟರಲ್ಲಿ ತುಯ್‌ಗೆ ಹೊಳೆಯಿತು.

"ಲಾಯರಮ್ಮ, ಹೋದ ವರ್ಷ ನಾನು ಸಂರುವಯ್ ಆಗಿರ್ಲಿಲ್ಲ."

"ಏನಂದ್ರಿ?"

ತುಯ್ ಚೀಲದಿಂದ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಲಾಯರಮ್ಮ ಓದಿದಳು. ಮತ್ತೊಮ್ಮೆ ಓದಿದಳು. ಮುಖ ಸುಣ್ಣ ಬಳಿದಂತಾಯಿತು. ನಾಲ್ಕು ವರ್ಷದಿಂದ ಪ್ರತಿ ವರ್ಷವೂ ಕಂಪನಿಯ ಸಭೆ ನಡೆಯಿತೆಂದು ಆ ಹಳೆಯ ಕಟ್ಟಿನಿಂದಲೇ ಒಂದೊಂದು ಹಾಳೆ ತೆಗೆದು ಸರ್ಕಾರಕ್ಕೆ ಕಳಿಸಿದ್ದಳು ಅವಳು. ನಾಲ್ಕು ಸಭೆಗೂ ಇಲ್ಲದ ಹೆಂಗಸೊಬ್ಬಳು ಬಂದು ಸಹಿ ಹಾಕಿ ಹೋಗಿದ್ದಾಳೆ!

"ಅಯ್ಯೋ ಪುಣ್ಯಾತ್ಗಿತ್ತಿ, ಒಂದು ಮಾತು ಹೇಳಬಾರದಿತ್ತಾ?"

"ನೀವು ಒಂದು ಮಾತು ಕೇಳಬಾರದಿತ್ತಾ? ಹನ್ನೆರಡು ವರ್ಷದಲ್ಲಿ ಒಂದ್ಸಲ?"

"ಏನು? ಏನಾಯ್ತು?" ಎಂದ ಲುಂಗ್, ತನಗೆ ಬರುವಷ್ಟು ಭಾಷೆಯಲ್ಲಿ. ಅವನ ದೊಡ್ಡ ಕೈಗಳು ಟೋಪಿಯನ್ನು ಹಿಂಡುತ್ತಿದ್ದವು.

ಲಾಯರಮ್ಮ ಹಾಳೆಯನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ಈಗ ಒಂದೇ ದಾರಿ ಇರೋದು, ಪೀ. ಅಮ್ಮನ ತೋಟ ಮಾರಿದ ದುಡ್ಡಲ್ಲಿ ನನ್ನ ಪಾಲಿಗೆ ಬಂದದ್ದನ್ನ ಕಂಪನಿಗೆ ಹಾಕ್ದೆ ಅನ್ನಿ. ಸಹಿ ಕೇಳಿದ್ರೆ ಹಳೇ ಅಭ್ಯಾಸ, ಕೈತಪ್ಪಿ ಬರೆದೆ ಅನ್ನಿ. ಮನೆ ಉಳಿಯುತ್ತೆ, ಲುಂಗ್ ಉಳೀತಾರೆ, ನೀವೂ ಉಳೀತೀರಿ. ಅದೂ ಅಲ್ದೆ," ಎಂದು ಸ್ವಲ್ಪ ನಕ್ಕಳು, "ಒಂದು ಲೆಕ್ಕದಲ್ಲಿ ಅದು ನಿಮ್ಮದೇ ಮನೆ ಅಲ್ವಾ?"

ಆ ಕೊನೆಯ ಮಾತು ತುಯ್‌ಳ ಕಿವಿಗೆ ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ವಾಪಸು ಬರುವಾಗ ಲುಂಗ್ ಗಾಡಿ ಓಡಿಸಿದ. ಮನೆಯ ಮುಂದೆ ನಿಲ್ಲಿಸಿ, "ತುಯ್, ನೀನು ಹೇಳು. ತೋಟ. ದುಡ್ಡು. ಮುಗೀತು. ಹಾಂ?" ಎಂದ. ಕೇಳಿಕೊಳ್ಳುವುದು ಗೊತ್ತಿಲ್ಲದವನು ಕೇಳಿಕೊಂಡ ಹಾಗಿತ್ತು. ಎರಡನೆಯ ಸಲ ಕಾಲು ಮುರಿದಾಗ ಇದೇ ಗಾಡಿಯಲ್ಲಿ ಅವಳನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದು ಮೂರು ದಿನ ಬೆಂಚಿನ ಮೇಲೆ ಕೂತಿದ್ದವನು ಅವನು. ಒಡಹುಟ್ಟಿದ ತಮ್ಮ ಬಂದಿರಲಿಲ್ಲ. ಅವಳು ಇಳಿದು ಗೇಟು ತೆರೆದಳು.

ಗುರುವಾರ ಬೆಳಿಗ್ಗೆ ಅಂಗಳದ ಮೂಲೆಯಲ್ಲಿರುವ ಸ್ಥಳದೈವದ ಪುಟ್ಟ ಗುಡಿಗೆ ಊದುಬತ್ತಿ ಹಚ್ಚಿ ನೈವೇದ್ಯಕ್ಕೆ ಕೆಂಪು ಸೋಡಾ ಇಟ್ಟಳು. ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಮನೆ ಉಳಿಸು ಎನ್ನಲೋ, ನನ್ನನ್ನು ಉಳಿಸು ಎನ್ನಲೋ? ಕೈಮುಗಿದು ಹಾಗೇ ಹೊರಟಳು.

ಕಚೇರಿಯಲ್ಲಿ ಜನ ತುಂಬಿದ್ದರು. ಎಲ್ಲರೂ ಅವಳಂಥವರೇ: ಅಡುಗೆಯವರು, ಚಾಲಕರು, ತೋಟದವರು; ಕಾಗದದ ಮೇಲೆ ಎಲ್ಲರೂ ಸಾಹುಕಾರರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಸಂರುವಯ್!" ಎಂದು ಒಳಗಿನಿಂದ ಕರೆದರು. ತುಯ್ ಅಲುಗಲಿಲ್ಲ. ಮತ್ತೆ ಕರೆದರು. ಮೂರನೆಯ ಸಲಕ್ಕೆ ಅಧಿಕಾರಿಯೇ ಬಾಗಿಲಿಗೆ ಬಂದ. ತೆಳ್ಳಗಿನ ಕನ್ನಡಕದವನು, ಹೆಸರು ವೊರವಿಟ್.

"ಪಾ, ನೀವೇ ಅಲ್ವಾ?" ಎಂದ. ಪಾ ಎಂದರೆ ದೊಡ್ಡಮ್ಮ. ದನಿಯಲ್ಲಿ ಮರ್ಯಾದೆಯೇ ಇತ್ತು.

"ನಾನೇ ಸಾರ್. ಆ ಹೆಸರಿಗೆ ಓ ಅನ್ನಬೇಡ ಅಂತ ನಮ್ಮ ಭಿಕ್ಷುಗಳು ಹೇಳಿದ್ದಾರೆ."

ಅವನು ನಕ್ಕುಬಿಟ್ಟ. "ನಮ್ಮಮ್ಮನೂ ಎರಡು ಸಲ ಬದಲಾಯಿಸಿದ್ದಾರೆ. ಬನ್ನಿ ಒಳಗೆ."

ಆ ನಗುವಿನಿಂದ ಅವಳಿಗೆ ಧೈರ್ಯ ಬಂದಿತ್ತು. ಕೂತ ಮೇಲೆ ಅದು ಇಳಿಯಿತು.

"ನಿಮ್ಮ ಕಂಪನಿ ಏನು ವ್ಯಾಪಾರ ಮಾಡುತ್ತೆ, ಪಾ?"

"ತೆಂಗಿನಕಾಯಿ ಅಂತ ಬರ್ದಿದ್ದಾರೆ."

"ಎಷ್ಟು ಮರ?"

"ಹನ್ನೊಂದು."

"ಕಾಯಿ ಯಾರಿಗೆ ಮಾರ್ತೀರಿ?"

"ಬಿದ್ದದ್ದನ್ನ ಆಯ್ದು ಸಾರಿಗೆ ಹಾಕ್ತೀನಿ."

ಅವನು ಈ ಸಲ ನಗಲಿಲ್ಲ. ನಾಲ್ಕು ಹಾಳೆಗಳನ್ನು ಸಾಲಾಗಿ ಹರಡಿದ. ನಾಲ್ಕು ವರ್ಷ, ನಾಲ್ಕು ಸಭೆ, ನಾಲ್ಕರಲ್ಲೂ ಸಂರುವಯ್. ಪಕ್ಕದಲ್ಲಿ ಅವಳ ಹೆಸರು ಬದಲಾದ ದಾಖಲೆಯ ಪ್ರತಿ. ಅದನ್ನು ಅವನು ಮೊದಲೇ ತರಿಸಿಟ್ಟಿದ್ದ.

"ಈ ಸಹಿ ನಿಮ್ಮದು ಅಂದ್ರೆ, ಇಲ್ಲದ ಹೆಸರಲ್ಲಿ ಸರ್ಕಾರಕ್ಕೆ ಬರೆದುಕೊಟ್ಟಿದ್ದೀರಿ ಅಂತ ಆಗುತ್ತೆ. ನಿಮ್ಮದಲ್ಲ ಅಂದ್ರೆ, ಯಾರು ಹಾಕಿದ್ದು ಹೇಳಬೇಕು. ಅದಿರಲಿ. ಮೊದಲು ಒಂದೇ ಮಾತು ಕೇಳ್ತೀನಿ. ಮನೆ ಯಾರದು?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನನ್ನದು. ತೋಟ, ದುಡ್ಡು, ಮುಗೀತು. ಅಷ್ಟು ಹೇಳಿದ್ದರೆ ಆ ಮುದುಕನ ಮನೆ ಇನ್ನೊಂದಷ್ಟು ದಿನವಾದರೂ ನಿಲ್ಲುತ್ತಿತ್ತೇನೋ. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಮೆಲ್ಲಗೆ ತಲೆಯೆತ್ತಿದ್ದನ್ನು ಅವಳು ಕಂಡಳು. ನನ್ನದು ಎಂದು ಇಲ್ಲಿ ಬರೆಸಿದರೆ ನಿಜಕ್ಕೂ ನನ್ನದಾಗುತ್ತದೆ. ಮುದುಕನಿಗೆ ಎಪ್ಪತ್ತಾರು. ಅಪ್ಪನ ಮರಗಳು ಅಪ್ಪನ ಮಗಳಿಗೇ ಬರುತ್ತವೆ. ಲಾಯರಮ್ಮ ಬಿತ್ತಿದ ಬೀಜ ಒಂದೇ ರಾತ್ರಿಯಲ್ಲಿ ಇಷ್ಟು ಬೆಳೆದಿತ್ತು. ತುಯ್‌ಗೆ ಸೆರೆಮನೆಗಿಂತ ಹೆಚ್ಚಾಗಿ ತನ್ನ ಮೇಲೆಯೇ ಭಯವಾಯಿತು.

"ಲುಂಗ್‌ದು ಸಾರ್," ಎಂದಳು. "ನೆಲ ನಮ್ಮಮ್ಮನದಾಗಿತ್ತು, ಮಾರಿ ತಿಂದ್ವಿ. ಮನೆ ಅವರದು. ನಾನು ಕೊಟ್ಟಿದ್ದು ಹೆಸರು ಮಾತ್ರ. ಆ ಹೆಸರೂ ಈಗಿಲ್ಲ."

ಸಹಿ ಹಾಕಿದ ಖಾಲಿ ಹಾಳೆಗಳ ಕಥೆಯನ್ನೂ ಹೇಳಿದಳು. ವೊರವಿಟ್ ಬರೆದುಕೊಂಡ. ತಾವಾಗಿ ಹೇಳಿದವರನ್ನು ಸಾಕ್ಷಿ ಎಂದು ದಾಖಲಿಸುತ್ತೇವೆ, ಆದರೆ ತೀರ್ಮಾನ ನನ್ನ ಕೈಯಲ್ಲಿಲ್ಲ, ಬ್ಯಾಂಕಾಕಿನವರದು ಎಂದ. ಅವಳು ಕೆಳಗೆ ಪುಣ್ಯಾಪಾ ಎಂದು ಸಹಿ ಹಾಕಿದಳು.

ಮನೆಗೆ ಬಂದಾಗ ಲುಂಗ್ ಗೇಟಿನಲ್ಲೇ ನಿಂತಿದ್ದ.

"ಹೇಳಿದೆಯಾ?"

"ನಿಜ ಹೇಳ್ದೆ, ಲುಂಗ್."

ಅವನು ಅವಳನ್ನೇ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೋಗಿ ತೆಂಗಿನ ಮರದ ಕೆಳಗೆ ಸಮುದ್ರದ ಕಡೆ ಮುಖ ಮಾಡಿ ಕೂತ. ಅವಳು ಹುಳಿ ಮೀನಿನ ಸಾರು ಮಾಡಿ ಮೇಜಿನ ಮೇಲಿಟ್ಟಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಊಟಕ್ಕೆ ಬರಲಿಲ್ಲ. ಅಡುಗೆಮನೆಯಲ್ಲಿ ಅವಳು ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಮಾಡಿದ್ದು ಸರಿ ಎಂದು ಗೊತ್ತಿತ್ತು, ಅದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಳಗೆ ಬಂದು ಬಾಗಿಲಲ್ಲಿ ನಿಂತ.

"ಎಷ್ಟು ದಿನ?"

"ಗೊತ್ತಿಲ್ಲ. ತೀರ್ಮಾನ ಆರು ತಿಂಗಳಿಗೂ ಆಗಬಹುದು, ಮೂರು ವರ್ಷಕ್ಕೂ ಆಗಬಹುದಂತೆ. ಮನೆ ಮಾರು ಅಂದ್ರೆ ಒಂದು ವರ್ಷದೊಳಗೆ ಮಾರಬೇಕು."

"ನೀನು? ಜೈಲು?"

"ಸಾಕ್ಷಿ ಅಂತ ಬರ್ಕೊಂಡಿದ್ದಾರೆ. ಮೇಲಿನವರು ಏನಂತಾರೋ."

ಅವನು ತಲೆಯಾಡಿಸಿದ. ಕುರ್ಚಿ ಎಳೆದು ಕೂತ. ಕೊನೆಗೆ, "ತುಯ್, ಕಾಗದದಲ್ಲಿ ನಿನ್ನ ಹೆಸರು. ಅದು ಏನು?" ಎಂದ.

ತುಯ್‌ಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಪ್ರತಿ ವರ್ಷ ಅವಳ ಸಹಿಯ ಪಕ್ಕದಲ್ಲೇ ಅವನೂ ಸಹಿ ಹಾಕಿದ್ದ. ನಮ್ಮ ಲಿಪಿ ಅವನಿಗೆ ಓದಲು ಬರುವುದಿಲ್ಲ.

"ಹಳೇದಾ, ಹೊಸದಾ?"

"ಎರಡೂ."

"ಹೊಸದು ಪುಣ್ಯಾಪಾ," ಎಂದಳು. ಹಳೆಯದನ್ನು ತನ್ನದೆನ್ನಬಾರದು. ಆದರೆ ಅವನ ಮನೆ ಇಷ್ಟು ವರ್ಷ ಅದರ ಮೇಲೇ ನಿಂತಿತ್ತಲ್ಲ. "ಹಳೇದು ಸಂರುವಯ್."

"ಸಂ... ಸಮ್ರು..." ಮುದುಕ ನಾಲ್ಕು ಸಲ ಪ್ರಯತ್ನಿಸಿದ. ನಾಲಿಗೆ ಹೊರಳಲಿಲ್ಲ. ಕಣ್ಣು ತುಂಬಿಬಂತು.

"ಬಿಡಿ ಲುಂಗ್, ಅದು ಒಳ್ಳೇ ಹೆಸರಲ್ಲ," ಎಂದಳು ತುಯ್, ಪಾತ್ರೆಯನ್ನು ಎತ್ತಿಕೊಳ್ಳುತ್ತ. "ಸಾರು ಆರಿಹೋಗಿದೆ. ಬಿಸಿ ಮಾಡ್ಕೊಂಡು ಬರ್ತೀನಿ, ಕೂತಿರಿ."