ಕಣ್ಣಿಲ್ಲದ ಚಿಗರಿಗೆ ಒಂದು ಬ್ರಶ್ಶು

ಮೆಣಸಿನಕಾಯಿ ನೋಡುವುದರಲ್ಲಿ ನನ್ನನ್ನು ಮೀರಿಸುವವರು ಬ್ಯಾಡಗಿಯಲ್ಲಿ ಕಡಿಮೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು. ನಮ್ಮದು ಅಡತಿ ಅಂಗಡಿ. ರೈತರು ತಂದ ಮಾಲನ್ನು ರಾಶಿ ಹಾಕಿಸಿ ಮಾರಿಸಿಕೊಡುವ ಕೆಲಸ. ರಾಶಿಯಿಂದ ಒಂದು ಕಾಯಿ ಎತ್ತಿ, ತೊಟ್ಟು ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಅದು ಎಷ್ಟು ಒಣಗಿದೆ, ಎಷ್ಟು ಬಣ್ಣ ಬಿಡುತ್ತದೆ ಎಂದು ಹೇಳಿಬಿಡುತ್ತಿದ್ದೆ. ನಮ್ಮಪ್ಪ ನನಗಿಂತ ಗಟ್ಟಿ ಆಸಾಮಿ. ಇಡೀ ಹಂಗಾಮಿನ ಅತ್ಯುತ್ತಮ ಮಾಲು ಎದುರಿಗೆ ಬಂದರೂ ಅವರ ಬಾಯಿಂದ ಹೊರಡುವುದು ಒಂದೇ ಮಾತು: "ಅಡ್ಡಿ ಇಲ್ಲ." ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇಂಥ ನಾನು ರಾಣೆಬೆನ್ನೂರಿಗೆ ಕನ್ಯಾ ನೋಡಲು ಹೋದೆ. ಹುಡುಗಿ ಅಲ್ಲಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಉಪ್ಪಿಟ್ಟು, ಶಿರಾ ಎಲ್ಲ ಮುಗಿದು ಚಹಾ ಬಂದ ಮೇಲೆ ನಮ್ಮವ್ವ ಎಲ್ಲರ ಅವ್ವಂದಿರ ಹಾಗೆಯೇ ನನ್ನನ್ನು ಅಟ್ಟಕ್ಕೇರಿಸಿದಳು. "ನಮ್ಮ ಹುಡುಗ ಮಾಲು ಆರಿಸೂದ್ರಾಗ ಭಾಳ ಶ್ಯಾಣ್ಯಾ ಅದಾನ್ರಿ. ಅವ ಆರಿಸಿದ್ದು ಒಂದೂ ತಪ್ಪೂದಿಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿ, "ಹಾಡು ಬರತಾವೇನವ್ವಾ?" ಎಂದಳು.

"ಹಾಡು ಬರೂದಿಲ್ರಿ. ಚಿತ್ರ ಬರೀತೇನಿ" ಎಂದು ಹುಡುಗಿ ಒಳಗೆ ಹೋಗಿ ಒಂದು ಚಿತ್ರ ತಂದಳು. ಅವ್ವ ಅದನ್ನು ಬೆಂಕಿಪೆಟ್ಟಿಗೆಯ ಚೀಟಿ ಎಂದುಕೊಂಡಳು. ಅಷ್ಟೇ ಅಳತೆ! ಹುಡುಗಿ ಜೊತೆಗೆ ಒಂದು ಭೂತಗನ್ನಡಿಯನ್ನೂ ಕೊಟ್ಟಳು. ಅದನ್ನು ಹಿಡಿದು ನೋಡಿದವನೇ ನಾನು ಕುರ್ಚಿಯ ತುದಿಗೆ ಬಂದೆ. ಹುಲ್ಲುಗಾವಲಿನಲ್ಲಿ ಎರಡು ಕೃಷ್ಣಮೃಗಗಳು, ನಮ್ಮ ಮಾತಿನಲ್ಲಿ ಚಿಗರಿಗಳು, ಗಂಡು ಒಂದು, ಹೆಣ್ಣು ಒಂದು. ತಿರುಚಿದ ಕೋಡಿನ ಒಂದೊಂದು ಸುತ್ತೂ ಇತ್ತು. ಕಿವಿಯೊಳಗಿನ ಕೂದಲಿತ್ತು. ಹುಲ್ಲಿನ ಎಸಳೊಂದಕ್ಕೆ ಇರುವೆ ಹತ್ತುತ್ತಿತ್ತು. ಆದರೆ ಹೆಣ್ಣಿಗೆ ಕಣ್ಣುಗಳಿದ್ದವು, ಗಂಡಿಗೆ ಇರಲಿಲ್ಲ. ಕಣ್ಣಿರಬೇಕಾದಲ್ಲಿ ಬರೀ ಬಿಳಿ ಕಾಗದ.

"ಇದರ ಕಣ್ಣು ಎಲ್ಲಿ ಹೋದೂವ್ರಿ?" ಎಂದೆ. ನಾನು ಅವಳಿಗೆ ಆಡಿದ ಮೊದಲ ಮಾತು ಅದೇ.

"ಬ್ರಶ್ಶು ಕೈ ಕೊಟ್ತರಿ. ಅದರ ತುದಿ ಸೀಳಿ ಎರಡಾತು. ಕಣ್ಣು ಒಮ್ಮೆ ತಪ್ಪಿದ್ರ ತಿದ್ದಾಕ ಬರೂದಿಲ್ಲ. ಅದಕ್ಕ ಹಂಗ ಬಿಟ್ಟೇನಿ."

ಅವಳ ಅಪ್ಪ ಕೆಮ್ಮಿದರು. "ಅದಿರ್ಲಿ ಬಿಡವ್ವಾ. ನಿನ್ನ ಅಭಿಪ್ರಾಯ ಏನಂತ ಹೇಳು. ಹಿರಿಯಾರು ಕಾಯಾಕತ್ತಾರ."

ಅವಳು ಸ್ವಲ್ಪವೂ ತಡವರಿಸಲಿಲ್ಲ. "ಇವರು ಆರಿಸಿದ್ದು ತಪ್ಪೂದಿಲ್ಲ ಅಂತ ಅವ್ವಾರು ಹೇಳಿದ್ರಲ್ಲಪ್ಪಾ. ನನಗ ಒಂದು ಚಲೋ ಬ್ರಶ್ ಆರಿಸಿ ತರ್ಲಿ. ಚಿಗರಿಗೆ ಕಣ್ಣು ಬರೆದ ಮ್ಯಾಲೆ ಹೇಳ್ತೇನಿ."

ನಮ್ಮಪ್ಪನ ಕೈಯಲ್ಲಿದ್ದ ಚಹಾದ ಕಪ್ಪು ಬಾಯಿ ತಲುಪದೆ ನಿಂತಿತು. ಅವಳ ಅಪ್ಪನ ಮುಖ ಕೆಂಪಾಯಿತು. ನನಗೆ ಮಾತ್ರ ಎದೆಯೊಳಗೆ ಯಾರೋ ಹಲಗೆ ಬಡಿದಂತಾಯಿತು. ಈ ಹುಡುಗಿ ಒಪ್ಪದಿದ್ದರೆ ನನ್ನ ಕಥೆ ಮುಗಿಯಿತು ಎಂದು ಅಲ್ಲೇ, ಉಪ್ಪಿಟ್ಟಿನ ತಟ್ಟೆಯ ಎದುರಿಗೇ ತಿಳಿದುಹೋಯಿತು.

"ಒಂದ್ಯಾಕ್ರಿ, ಡಜನ್ ತರ್ತೇನಿ" ಎಂದೆ.

"ಡಜನ್ ಬ್ಯಾಡ್ರಿ, ಒಂದ ಸಾಕು. ಮತ್ತ ಮೊಬೈಲ್‌ನ್ಯಾಗ ತರಿಸಬ್ಯಾಡ್ರಿ. ಫೋಟೋದಾಗ ಎಲ್ಲಾ ಚಂದ ಕಾಣತಾವ."

ಎಲ್ಲರೂ ಒಮ್ಮೆ ಟೀಪಾಯಿಯ ಮೇಲೆ ನೋಡಿದರು. ಅಲ್ಲಿ ಹಾವೇರಿಯ ಸ್ಟುಡಿಯೋದವನು ಬೆಳ್ಳಗೆ ಮಾಡಿಕೊಟ್ಟಿದ್ದ ನನ್ನ ಫೋಟೋ ಇತ್ತು.

ಬ್ಯಾಡಗಿಯಲ್ಲಿ ಹುಡುಕಿದೆ. ಗೋಡೆಗೆ ಬಣ್ಣ ಬಳಿಯುವ ಬ್ರಶ್ಶುಗಳಿದ್ದವು, ಅದರಿಂದ ಚಿಗರಿಯ ಕಣ್ಣಲ್ಲ, ಆನೆಯ ಬೆನ್ನು ಬರೆಯಬಹುದಿತ್ತು. ಹಾವೇರಿ ಬಸ್‌ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಗೆ ಹೋದೆ. ಬ್ರಶ್ಶಿನ ಮೇಲೆ ಸೊನ್ನೆ ಹೆಚ್ಚಾದಷ್ಟೂ ಬ್ರಶ್ಶು ಸಪೂರವಾಗುತ್ತದೆ ಎಂದು ಅಲ್ಲಿ ತಿಳಿಯಿತು. ಸೊನ್ನೆ ಹೆಚ್ಚಾದರೆ ಹಿಗ್ಗುವ ಜಾತಿ ನಮ್ಮದು. ಇದು ವಿಚಿತ್ರ ಎನಿಸಿದರೂ ಎಲ್ಲಕ್ಕಿಂತ ಹೆಚ್ಚು ಸೊನ್ನೆಗಳಿದ್ದ ಬ್ರಶ್ಶುಗಳನ್ನೇ, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಆರಿಸಿದೆ. ಸಣ್ಣ ಚಿತ್ರ, ಸಣ್ಣ ಬ್ರಶ್ಶು. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಸೂಜಿಯ ಮೊನೆಯಂತೆ ಚೂಪಾಗಿದ್ದವು. ಖುಷಿಯಲ್ಲಿ ಬಸ್ಸಿನ ಕಂಡಕ್ಟರಿಗೂ ತೋರಿಸಿದೆ.

ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ಅವಳ ಅಪ್ಪ ಪೇಪರ್ ಓದುವ ನೆಪದಲ್ಲಿ ಕಾವಲು ಕುಳಿತರು. ಅವಳು ಬಟ್ಟಲಲ್ಲಿ ನೀರು ತಂದು, ಒಂದು ಬ್ರಶ್ಶನ್ನು ಅದ್ದಿ ಚೆನ್ನಾಗಿ ಅಲುಗಿಸಿ, ಮಣಿಕಟ್ಟಿನ ಮೇಲೆ ಒಮ್ಮೆ ಪಟ್ ಎಂದು ಕುಟ್ಟಿದಳು. ನನ್ನ ಸೂಜಿಯ ಮೊನೆ ಕಸಬರಿಗೆಯಾಗಿ ಅರಳಿತು.

"ಅಂಗಡ್ಯಾಗ ಎಲ್ಲಾ ಚೂಪ ಇರ್ತಾವ್ರಿ. ಗೋಂದು ಹಚ್ಚಿ ಕುಂದ್ರಿಸಿರ್ತಾರ. ಗೋಂದು ತೊಳದ ಮ್ಯಾಲೆ ಖರೇ ತುದಿ ಕಾಣತೈತಿ."

ಇನ್ನೊಂದು ಅರಳಲಿಲ್ಲ. ನಾನು ಎದೆ ಸೆಟೆಸಿದೆ. ಅವಳು ಅದನ್ನು ಕಪ್ಪು ಬಣ್ಣದಲ್ಲಿ ಅದ್ದಿ ಬೇರೊಂದು ಕಾಗದದ ಮೇಲೆ ಗೆರೆ ಎಳೆದಳು. ಗೆರೆ ಶುರುವಾಗುವ ಮೊದಲೇ ಮುಗಿಯಿತು. ಮತ್ತೆ ಅದ್ದಿದಳು, ಮತ್ತೆ ಒಣಗಿತು.

"ಇದಕ್ಕ ಹೊಟ್ಟೀನ ಇಲ್ರಿ. ಬಣ್ಣ ಎಲ್ಲಿ ಹಿಡೀಬೇಕು? ನಮ್ಮೂರ ಬಿಸಿಲಾಗ ಬಟ್ಟಲದಿಂದ ಕಾಗದಕ್ಕ ಬರೂದ್ರಾಗ ಆರಿ ಹೋಗತೈತಿ" ಎಂದವಳು ನನ್ನ ಮುಖ ನೋಡಿ ನಕ್ಕಳು. "ಸಪ್ಪಗಾಗಬ್ಯಾಡ್ರಿ. ಎಲ್ಲಾರೂ ಮೊದಲ ಇದನ್ನ ತರೂದು."

ಸೋತು ಬಂದೆ. ಆದರೆ ಅವಳು ನಕ್ಕಿದ್ದಳಲ್ಲ! ಬಸ್ಸಿನಲ್ಲಿ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಪಕ್ಕದಲ್ಲಿದ್ದ ಅಜ್ಜಿ ತನ್ನ ಬುಟ್ಟಿ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಮಾರನೆಯ ದಿನ ಮಾರುಕಟ್ಟೆಯ ದಿನ. ನಮ್ಮ ಮೆಣಸಿನಕಾಯಿಯಲ್ಲಿ ಎರಡು ಬಗೆ: ಕಡ್ಡಿ ಎಂದರೆ ಉದ್ದ, ಸಪೂರ, ಡಬ್ಬಿ ಎಂದರೆ ಗಿಡ್ಡ, ಹೊಟ್ಟೆ ತುಂಬಿಕೊಂಡದ್ದು. ಬಣ್ಣಕ್ಕೆ ಡಬ್ಬಿಯೇ ಬೇಕು ಎಂದು ನಮ್ಮ ಮನೆಯ ಕೂಸಿಗೂ ಗೊತ್ತು. ಅಭ್ಯಾಸಬಲದಿಂದ ರಾಶಿಯೊಳಗೆ ಕೈ ಹಾಕಿ ಒಂದು ಡಬ್ಬಿ ಕಾಯಿ ಎತ್ತಿದೆ. ಕೆಂಪಗೆ ಸುಕ್ಕುಗಟ್ಟಿದ ತುಂಬು ಹೊಟ್ಟೆ, ಕೆಳಗೆ ಇಳಿಯುತ್ತ ಇಳಿಯುತ್ತ ಚೂಪಾದ ಒಂದೇ ತುದಿ. ನಾನು ನೋಡಿದೆ. ಮತ್ತೆ ನೋಡಿದೆ. ಹುಟ್ಟಿದಂದಿನಿಂದ ಡಬ್ಬಿ ಡಬ್ಬಿ ಎಂದು ಊರಿಗೆಲ್ಲ ಹೇಳುವವನು ಬ್ರಶ್ಶಿನಂಗಡಿಗೆ ಹೋಗಿ ಕಡ್ಡಿ ಆರಿಸಿಕೊಂಡು ಬಂದಿದ್ದೆ!

ರಾಶಿಯ ನಡುವೆಯೇ ಕುಣಿದುಬಿಟ್ಟೆ. "ಯಾಕಲೇ, ಚೇಳು ಕಡೀತೇನು?" ಎಂದು ಅಪ್ಪ ಕೂಗಿದರು. ಕಾಯಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹಾವೇರಿಯ ದಾರಿ ಹಿಡಿದೆ.

ಈ ಸಲ ಹೋದದ್ದು ಹಳೆಯ ಬಣ್ಣದಂಗಡಿಗೆ. ಅಲ್ಲಿನ ಸಾಹೇಬರು ವಯಸ್ಸಾದವರು, ತುಂಬ ನಾಜೂಕಿನ ಮನುಷ್ಯ. "ಏನ್ ಬೇಕ್ರಿ ಸಾವ್ಕಾರ್ರ?" ಎಂದರು. ಜೇಬಿನಿಂದ ಕಾಯಿ ತೆಗೆದು ಗಾಜಿನ ಮೇಲಿಟ್ಟೆ.

"ಇಂಥಾದ್ದು ಬ್ರಶ್ ಬೇಕ್ರಿ. ಹೊಟ್ಟಿ ಹಿಂಗ, ತುದಿ ಹಿಂಗ."

ಸಾಹೇಬರು ಕಾಯಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸೀನಿದರು. ಮೆಣಸಿನಕಾಯಿ ಘಾಟು ನಮಗೆ ರೂಢಿ, ಬೇರೆಯವರ ಮೂಗಿಗೆ ಅಲ್ಲ. ಸೀನುತ್ತಲೇ ಒಳಗಿನಿಂದ ಒಂದು ಡಬ್ಬ ತಂದರು. "ತೊಗೊಳ್ರಿ, ಆದ್ರ ಅದನ್ನ ಮೊದಲ ಕಿಸೇದಾಗ ಇಡ್ರಿ!"

ನೀರು ಕೇಳಿದೆ. ಒಂದೊಂದೇ ಬ್ರಶ್ಶನ್ನು ಅದ್ದಿ, ಗೋಂದು ಬಿಡಿಸಿ, ಅವಳ ಹಾಗೆಯೇ ಮಣಿಕಟ್ಟಿಗೆ ಕುಟ್ಟಿದೆ. ಕೆಲವು ಅರಳಿದವು. ಕೆಲವು ಕಾಗದಕ್ಕೆ ಒತ್ತಿದರೆ ಬಗ್ಗಿದಲ್ಲೇ ಉಳಿದವು, ಏಳಲೊಲ್ಲವು. ನನ್ನ ಅಂಗಿಯ ತೋಳು ಒದ್ದೆಯಾಯಿತು, ಸಾಹೇಬರಿಗೂ ಹುರುಪು ಬಂದು ತಾವೂ ಕುಟ್ಟತೊಡಗಿದರು. ಕೊನೆಗೆ ಒಂದು ಸಿಕ್ಕಿತು. ಮೇಲೆ ಸೊನ್ನೆಯೇ ಇರಲಿಲ್ಲ. ಹೊಟ್ಟೆ ತುಂಬ ನೀರು ಕುಡಿಯಿತು, ಕುಟ್ಟಿದಾಗ ಕೂದಲೆಲ್ಲ ಕೂಡಿ ಒಂದೇ ಮೊನೆಯಾಯಿತು, ಒತ್ತಿ ಬಿಟ್ಟರೆ ಚಂಗನೆ ಎದ್ದು ನಿಂತಿತು. ಚೌಕಾಸಿ ಮಾಡದೆ ಕೊಂಡೆ. ವ್ಯಾಪಾರಸ್ಥರ ಮಗ ಹೀಗೆ ಮಾಡಿದ್ದಕ್ಕೆ ಸಾಹೇಬರು, "ಆರಾಮ ಅದೀರಿಲ್ಲೋ?" ಎಂದು ಕೇಳಿದರು.

ಅಂದೇ ಸಂಜೆ ರಾಣೆಬೆನ್ನೂರು. ಅವಳು ಬ್ರಶ್ಶನ್ನು ಅದ್ದಿದಳು, ಕುಟ್ಟಿದಳು, ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದಳು. ಎದ್ದುಹೋಗಿ ಚಿತ್ರ ತಂದಳು. ಅವಳ ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಪೇಪರ್ ಮಡಚಿ ಹತ್ತಿರ ಬಾಗಿದರು. ಬ್ರಶ್ಶಿನ ಹೊಟ್ಟೆಗೆ ಕಪ್ಪು ಬಣ್ಣ ಕುಡಿಸಿ, ಉಸಿರು ಹಿಡಿದು, ಅವಳು ಚಿಗರಿಯ ಮುಖದ ಹತ್ತಿರ ತುದಿ ತಂದಳು. ಆಗ ಅವಳ ಅಪ್ಪನ ಮೂಗು ಅರಳಿತು.

ನನ್ನ ಜೇಬಿನಲ್ಲಿ ಆ ಕಾಯಿ ಇನ್ನೂ ಇತ್ತು! ಬಸ್ಸಿನ ನೂಕಾಟದಲ್ಲಿ ಪುಡಿಪುಡಿಯಾಗಿತ್ತು. ಜೇಬನ್ನು ಮುಷ್ಟಿಯಲ್ಲಿ ಹಿಡಿದು ಸದ್ದಾಗದಂತೆ ಎದ್ದು ಅಂಗಳಕ್ಕೆ ಓಡಿದೆ. ಕಂಪೌಂಡಿನ ಗೋಡೆಯ ಮೇಲೆ ಜೇಬು ಕೊಡವುತ್ತಿದ್ದಾಗ ಒಳಗಿನಿಂದ ಹೆಂಚು ಹಾರುವಂಥ ಸೀನು ಕೇಳಿತು. ಚಿಗರಿಯ ಕಣ್ಣು ಕೆನ್ನೆಗಿಳಿದಿರಬೇಕು, ನನ್ನ ಮದುವೆ ತುಂಗಭದ್ರೆಗಿಳಿದಿರಬೇಕು ಎಂದುಕೊಂಡೆ.

"ಒಳಗ ಬರ್ರಿ, ಅಲ್ಯಾಕ ನಿಂತೀರಿ?" ಎಂದು ಅವಳ ಅವ್ವ ಕರೆದರು.

ಅವಳು ಬ್ರಶ್ಶು ತೊಳೆಯುತ್ತಿದ್ದಳು. ತಲೆ ಎತ್ತದೆ ಭೂತಗನ್ನಡಿಯನ್ನು ನನ್ನ ಕಡೆ ಸರಿಸಿದಳು. ನೋಡಿದೆ. ಗಂಡು ಚಿಗರಿಗೆ ಎರಡು ಕಪ್ಪು ಕಣ್ಣು, ತೊಯ್ದ ಹಾಗೆ ಹೊಳೆಯುತ್ತಿದ್ದವು. ಹುಲ್ಲು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಓರೆಯಾಗಿ ಪಕ್ಕದ ಹೆಣ್ಣನ್ನೇ ನೋಡುತ್ತಿದ್ದವು.

"ಅಪ್ಪಾರು ಸೀನಿದ್ರಲ್ರಿ?" ಎಂದೆ.

"ಅಷ್ಟೊತ್ತಿಗೆ ಮುಗದಿತ್ರಿ. ಒಮ್ಮೆ ಅದ್ದಿದ್ದು ಎರಡೂ ಕಣ್ಣಿಗೆ ಸಾಕಾತು. ಆ ಸಣ್ಣ ಬ್ರಶ್ ಆಗಿದ್ರ ನಡುವ ಮತ್ತ ಅದ್ದಬೇಕಾಗ್ತಿತ್ತು, ಕೆಡತಿತ್ತು."

ಅವಳಿಗೆ ಅವಸರವೇ ಇರಲಿಲ್ಲ. ಬ್ರಶ್ಶಿನ ಬುಡದವರೆಗೆ ಬಣ್ಣ ಬಿಡಿಸಿದಳು. ಬೆರಳ ತುದಿಯಿಂದ ಕೂದಲನ್ನು ಸವರಿ ಮೊನೆ ಕೂಡಿಸಿದಳು. ಬಟ್ಟೆಯ ಮೇಲೆ ಅಡ್ಡ ಮಲಗಿಸಿದಳು. ನಾನು ಅಷ್ಟೊತ್ತೂ ಭೂತಗನ್ನಡಿ ಹಿಡಿದುಕೊಂಡೇ ನಿಂತಿದ್ದೆ.

"ಬ್ರಶ್ ಅಡ್ಡಿ ಇಲ್ರಿ" ಎಂದಳು.

"ಮತ್ತ ನಾನು?"

ಅವಳು ಈಗ ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದಳು. "ನೀವೂ ಅಡ್ಡಿ ಇಲ್ರಿ" ಎಂದವಳೇ ಜೋರಾಗಿ ಸೀನಿದಳು.