ಕೆಂಪಕ್ಕ ಅಟ್ಟದಿಂದ ಇಳಿಸಿದ ಪಂಜರ

ಕೆಂಪಕ್ಕ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುತ್ತಿದ್ದಳು. ಒಳಗಿನ ಕೊಬ್ಬರಿ ಗಿಟುಕು ಕರಟ ಬಿಟ್ಟಿದೆಯೇ, ಇನ್ನೂ ಅಂಟಿಕೊಂಡಿದೆಯೇ, ಕೊಳೆತಿದೆಯೇ ಎಂಬುದು ಅಷ್ಟರಲ್ಲೇ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಚಿಕ್ಕ ಮಚ್ಚಿನಿಂದ ಸುತ್ತ ನಾಲ್ಕೇಟು. ಕರಟ ಚೂರಾಗಿ ಉದುರಿ, ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಅಂಗೈಗೆ ಬರುತ್ತಿತ್ತು. ಬಿಳಿಗೆರೆಯಲ್ಲಿ ಈ ಕೆಲಸ ಬಲ್ಲ ಹೆಂಗಸರು ಬೇಕಾದಷ್ಟಿದ್ದಾರೆ. ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ, ಕೈಯ ಕಡೆ ನೋಡದೆಯೇ ಒಡೆಯುತ್ತಿದ್ದವಳು ಅವಳೊಬ್ಬಳೇ.

ನಾನು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ನನ್ನನ್ನು ಮೊದಲು ಹೆಸರು ಹಿಡಿದು ಕರೆದವಳೂ ಅವಳೇ. ಉಳಿದವರಿಗೆ ನಾನು 'ಹೊಸ ಹುಡುಗಿ'. ಅವಳಿಗೆ ಮಾತ್ರ ಮೊದಲ ದಿನದಿಂದ ಕವಿತವ್ವ. ನಮ್ಮ ಅತ್ತೆ ಮದುವೆಯಾಗಿ ಬರುವ ಮುಂಚಿನಿಂದ ನಮ್ಮ ಅಂಗಳದಲ್ಲಿ ಕೊಬ್ಬರಿ ಒಡೆದವಳು. ಹಿತ್ತಲ ಗೋಡೆಯ ಗೂಡಿನಲ್ಲಿ ಅವಳಿಗೆಂದೇ ಒಂದು ಸ್ಟೀಲ್ ಲೋಟ ಬೇರೆಯಾಗಿ ಇರುತ್ತಿತ್ತು. ಯಾಕೆ ಬೇರೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಒಮ್ಮೆ ಅಟ್ಟದಲ್ಲಿ ಕಾಯಿಗಳ ನಡುವೆ ಕೇರೆಹಾವು ಸೇರಿತ್ತು. ಗಂಡಸರು ದೊಣ್ಣೆ ತಂದರು. ಕೆಂಪಕ್ಕ ಏಣಿಯ ಬುಡದಲ್ಲಿ ಕೂತು ಮುದ್ದೆಯ ಬುತ್ತಿ ಬಿಚ್ಚಿದಳು. "ಎಲ್ರೂ ಅಡ್ಡ ನಿಂತ್ರೆ ಅದು ಎತ್ಲಾಗ್ ಹೋಗ್ಬೇಕು? ಒಂದು ದಾರಿ ಬುಡ್ರಪ್ಪ," ಎಂದಳು. ಅವಳ ಊಟ ಮುಗಿಯುವ ಹೊತ್ತಿಗೆ ಹಾವು ಗೋಡೆಗುಂಟ ಇಳಿದು ತೋಟದ ಕಡೆ ಹೋಯಿತು. ಅಂದು ಎಲ್ಲರೂ ನಕ್ಕಿದ್ದೆವು.

ನಾನೀಗ ಹೇಳಬೇಕಾದ ಸಂಗತಿ ನಡೆದು ಎರಡು ವರ್ಷವಾಯಿತು. ನನ್ನ ಮೈದುನ ಲೋಕೇಶ ಒಂದು ಸಂಜೆ ಗೋಣಿಚೀಲ ಸುತ್ತಿದ ಹಕ್ಕಿಯ ಪಂಜರ ತಂದು ಅಟ್ಟಕ್ಕೆ ಏರಿಸಿದ. ಒಳಗೆ ಎರಡು ಕಾಡುಪಾಪಗಳಿದ್ದವು. ಒಂದು ತಾಯಿ, ಇನ್ನೊಂದು ಅದರ ಹೊಟ್ಟೆಗೆ ಅಂಟಿಕೊಂಡ ಮರಿ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಕಂದಿಕೆರೆ ಆಚೆಯ ಕುರುಚಲು ಕಾಡಿನಲ್ಲಿ ಯಾರೋ ಹಿಡಿದಿದ್ದರಂತೆ. ಮನೆಯಲ್ಲಿ ಸಾಕಿಕೊಳ್ಳಲು ದೂರದವನೊಬ್ಬ ಕೇಳಿದ್ದಾನೆ, ಮೂರನೆಯ ದಿನ ಕಾರಿನಲ್ಲಿ ಬರುತ್ತಾನೆ ಎಂದ.

"ಅತ್ತಿಗೆ, ನಿಮ್ಮ ಫೋನಲ್ಲಿ ಚೆನ್ನಾಗಿ ಬತ್ತದೆ. ಅವನಿಗೆ ಕಳಿಸಾಕೆ ಒಂದು ವಿಡಿಯೊ ತೆಗೀರಿ."

ತೆಗೆದೆ. ಬೆಳಕು ಬಿದ್ದೊಡನೆ ತಾಯಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿತು. ಅದು ಚೆನ್ನಾಗಿದೆಯೆಂದು ಲೋಕೇಶ ಇನ್ನೊಮ್ಮೆ ತೆಗೆಸಿದ. ತಪ್ಪೆಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. "ಎರಡು ದಿನ ತಾನೇ" ಎಂದು ನನ್ನ ಗಂಡ ತಮ್ಮನ ಪರ ವಹಿಸಿದರು. ಬಾಳೆಹಣ್ಣು ಇಟ್ಟೆ, ಮುಟ್ಟಲಿಲ್ಲ. ಮಾರನೆಯ ದಿನವೂ ಹಣ್ಣು ಹಾಗೇ ಇತ್ತು. ನಾನು ಚೀಲ ಮುಚ್ಚಿ ಕೆಳಗೆ ಬಂದುಬಿಟ್ಟೆ.

ಮೂರನೆಯ ದಿನ ಗಂಡ ತಿಪಟೂರಿಗೆ ಹೋಗಿದ್ದರು. ಕೆಂಪಕ್ಕ ಕೊಬ್ಬರಿ ಒಡೆಯಲು ಬಂದಳು. ಅಟ್ಟದ ಮೂಲೆಯಲ್ಲಿ ಉಳಿದ ಕಾಯಿ ತರುತ್ತೇನೆಂದು ಏಣಿ ಹತ್ತಿದವಳು ಬಹಳ ಹೊತ್ತು ಇಳಿಯಲಿಲ್ಲ.

"ಮೇಲೆ ಏನವ್ವ ಇಕ್ಕಿದ್ದೀರಿ?" ಎಂದು ಅಟ್ಟದಿಂದಲೇ ಕೇಳಿದಳು.

"ಇಲಿ ಇರ್ಬೇಕು ಕೆಂಪಕ್ಕ."

"ಇಲಿ ಮನ್ಸರು ಬಂದ್ರೆ ಓಡ್ತದೆ. ಇದು ಕುಂತ್ಕಂಡು ಉಸಿರು ಬುಡ್ತೈತೆ."

ನಾನು ಏಣಿ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅವಳು ಒಂದು ಕೈಯಲ್ಲಿ ಪಂಜರ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದಳು. ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

"ಮರಿ ಸತ್ತೋಗೈತೆ. ತಾಯಿ ಇನ್ನಾ ಬುಟ್ಟಿಲ್ಲ."

ಅಂಗಳಕ್ಕೆ ಹೋಗಿ ಪಂಜರವನ್ನು ತನ್ನ ಎರಡು ಮಂಡಿಗಳ ನಡುವೆ ಇಟ್ಟುಕೊಂಡಳು. ಬಿಸಿಲು ತಾಗದಂತೆ ತಲೆಯ ಟವೆಲ್ಲು ಬಿಚ್ಚಿ ಹೊದಿಸಿದಳು. ಮತ್ತೆ ಕೊಬ್ಬರಿ ಒಡೆಯತೊಡಗಿದಳು. ಮಚ್ಚಿನ ಏಟು ಮಾತ್ರ ಕೇಳುತ್ತಿತ್ತು. ಅತ್ತೆ ಬಾಗಿಲಿಗೆ ಬಂದು ನೋಡಿ, ಹೊಸ್ತಿಲ ಒಳಗೇ ನಿಂತರು.

ಮಧ್ಯಾಹ್ನ ಲೋಕೇಶ ಬಂದ.

"ಅದನ್ನ ಯಾಕೆ ಇಳಿಸ್ದೆ ಕೆಂಪಕ್ಕ? ಇತ್ಲಾಗ್ ಕೊಡು."

"ಕೊಡ್ತೀನಿ ಕಣಪ್ಪ. ಫಾರೆಸ್ಟ್‌ನೋರು ಬರ್ಲಿ, ಅವ್ರ ಕೈಗೆ ಕೊಡ್ತೀನಿ."

"ನಮ್ಮನೆ ಅನ್ನ ತಿಂದು ನಮ್ ಮೇಲೇ ಕೇಸ್ ಹಾಕಿಸ್ತೀಯ?"

"ಅನ್ನ ನಾನು ಗೇಯ್ದು ತಿಂದಿದ್ದೀನಿ ಲೋಕಪ್ಪ."

"ನಾಳೆಯಿಂದ ಈ ಅಂಗಳಕ್ಕೆ ಕಾಲಿಡಬ್ಯಾಡ."

"ಇಡಲ್ಲ ಬುಡು."

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರು ನಿಂತು ಹಾರ್ನ್ ಮಾಡಿತು. ಲೋಕೇಶ ಬಗ್ಗಿ ಪಂಜರಕ್ಕೆ ಕೈ ಹಾಕಿದ. ಕೆಂಪಕ್ಕ ಮೊದಲು ಮಚ್ಚನ್ನು ಯಾರಿಗೂ ಸಿಗದಂತೆ ದೂರ ಎಸೆದಳು. ಆಮೇಲೆ ಎರಡೂ ಕೈಯಿಂದ ಪಂಜರ ಹಿಡಿದಳು. ಅವನು ಎಳೆದ, ಅವಳು ಬಿಡಲಿಲ್ಲ. ಪಂಜರದ ತಂತಿ ಕಿತ್ತುಬಂದು ಅವಳ ಬಲಗೈ ಹೆಬ್ಬೆರಳ ಬುಡವನ್ನು ಸೀಳಿತು. ರಕ್ತ ಕೊಬ್ಬರಿಯ ಮೇಲೆ ತೊಟ್ಟಿಕ್ಕಿತು. ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಿನ್ ತಾವ ಫೋನೈತಲ್ಲ ಕವಿತವ್ವ. ಮಾಡು."

ಊರಿನಲ್ಲಿ ಚಿರತೆ ಕಾಣಿಸಿಕೊಂಡಾಗ ಅರಣ್ಯ ಇಲಾಖೆಯವರು ಎಲ್ಲರಿಗೂ ಕೊಟ್ಟಿದ್ದ ನಂಬರು ನನ್ನ ಫೋನಿನಲ್ಲಿತ್ತು. ಎರಡು ಸಲ ತಪ್ಪು ಒತ್ತಿದೆ. "ಅತ್ತಿಗೆ, ಬ್ಯಾಡ," ಎಂದ ಲೋಕೇಶ. ಆ ಕಡೆ ಫೋನು ಎತ್ತಿದರು. ಬಿಳಿಗೆರೆಯಲ್ಲಿ ಕಾಡುಪಾಪ ಮಾರುತ್ತಿದ್ದಾರೆ ಎಂದೆ. ಯಾರು ಎಂದು ಕೇಳಿದರು.

"ನಾವು," ಎಂದೆ.

ಲೋಕೇಶ ಕೈ ಬಿಟ್ಟ. ಓಡಿ ಹೋಗಿ ಕಾರಿನವನಿಗೆ ಏನೋ ಹೇಳಿದ. ಕಾರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು.

ಇಲಾಖೆಯವರು ಬರಲು ಎರಡು ಗಂಟೆ ಹಿಡಿಯಿತು. ಅಲ್ಲಿಯವರೆಗೂ ಕೆಂಪಕ್ಕ ಕೂತ ಜಾಗ ಬಿಟ್ಟು ಏಳಲಿಲ್ಲ. ನಾನು ಹಳೆಯ ಸೀರೆ ಹರಿದು ಅವಳ ಕೈಗೆ ಕಟ್ಟುತ್ತ, ವಿಡಿಯೊ ತೆಗೆದವಳು ನಾನೇ ಎಂದು ಹೇಳಿದೆ.

"ವಿಡಿಯೊ ಗಿಡಿಯೊ ನಂಗ್ ಗೊತ್ತಿಲ್ಲ. ಏಣಿ ತಾವ ನಿನ್ ಮುಖ ನೋಡ್ದಾಗ್ಲೇ, ನೀನೂ ಇದ್ರಾಗೆ ಇದ್ದೀಯ ಅಂತ ಗೊತ್ತಾಯ್ತು. ಅದಕ್ಕೇ ನಿನ್ ಕೈಲೇ ಮಾಡಿಸ್ದೆ."

ಬಂದವರು ನನ್ನ ಫೋನನ್ನೂ ತೆಗೆದುಕೊಂಡು ಹೋದರು. ಲೋಕೇಶನ ಮೇಲೆ ಕೇಸಾಯಿತು, ನನ್ನ ಹೇಳಿಕೆಯೂ ಅದರಲ್ಲಿದೆ. ತಾಯಿ ಕಾಡುಪಾಪ ಚೇತರಿಸಿಕೊಂಡಿತು, ಕಾಡಿಗೆ ಬಿಟ್ಟರು ಎಂದು ಆಮೇಲೆ ಗಾರ್ಡ್ ಒಬ್ಬರು ತಿಳಿಸಿದರು. ಕೆಂಪಕ್ಕನ ಹೆಬ್ಬೆರಳು ಮಾತ್ರ ಮತ್ತೆ ಮಡಚಲಿಲ್ಲ, ಮಚ್ಚು ಹಿಡಿಯಲು ಆಗಲಿಲ್ಲ. ಆಗಿದ್ದರೂ ಕರೆಯುವವರು ಇರಲಿಲ್ಲ. ಆಯಮ್ಮನನ್ನು ಅಟ್ಟ ಹತ್ತಿಸಿದರೆ ಮನೆಯ ಮಾತು ಬೀದಿಗೆ ಬೀಳುತ್ತದೆ ಎಂದು ಊರು ಹೇಳಿತು. ಮೂರು ತಿಂಗಳಲ್ಲಿ ಅವಳು ದಬ್ಬೇಘಟ್ಟದ ಮಗಳ ಮನೆಗೆ ಹೋದಳು.

ಕೊನೆಯ ಸಲ ಸಿಕ್ಕಿದ್ದು ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಕೈ ತೋರಿಸು ಎಂದೆ, ಸೆರಗಿನೊಳಗೆ ಎಳೆದುಕೊಂಡಳು. ಮಗಳ ಮನೆಯಲ್ಲಿ ದನ ನೋಡಿಕೊಳ್ಳುತ್ತಿದ್ದೇನೆ ಎಂದಳು. ಲೋಕೇಶ ನನ್ನೊಡನೆ ಮಾತು ಬಿಟ್ಟಿದ್ದಾನೆ, ಅತ್ತೆಯೂ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾರೆ ಎಂದು ನಾನು ಹೇಳಿಕೊಂಡೆ.

"ಆಡ್ತಾರೆ ಬುಡು. ನಿಮ್ಮತ್ತೆ ಕೆಟ್ಟೋಳಲ್ಲ, ಎದ್ರುಪುಕ್ಲಿ ಅಷ್ಟೇ. ಅಲ್ಲೇ ಇರೋಳು ನೀನು, ಮುನಿಸ್ಕಬ್ಯಾಡ," ಎಂದಳು. ಬಸ್ಸು ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು.

ಹೋದ ವಾರ ಅವಳು ತೀರಿಕೊಂಡ ಸುದ್ದಿ ಬಂತು. ಮಣ್ಣಾಗಿ ಆಗಲೇ ಐದು ದಿನವಾಗಿತ್ತು, ಯಾರೂ ಹೇಳಿಕಳಿಸಿರಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಒಲೆ ಆರಿಸಿದರು, ಕೈ ತೊಳೆದರು, ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದರು. ಜಗಲಿಯಲ್ಲಿ ಕೂತಿದ್ದ ಲೋಕೇಶನಿಗೆ ಕೇಳುವಂತೆ ನನ್ನನ್ನು ಕೇಳಿದರು:

"ದಬ್ಬೇಘಟ್ಟದ ಬಸ್ಸು ಎಷ್ಟೊತ್ತಿಗೈತೆ ಕವಿತ?"