ಕೆಂಟನ್ನಿನ ಕೇಜನ್ ಪಿಟೀಲು

ಕೆಂಟನ್ನಿನ ವಿಶಾಲಾಕ್ಷಿ ಕೇಜನ್ ಪಿಟೀಲು ಕಲಿಸುತ್ತಾರೆ ಎಂದರೆ ಕನ್ನಡ ಕೂಟದ ಹಿರಿಯರು ಇಂದಿಗೂ ಹುಬ್ಬೇರಿಸುತ್ತಾರೆ. ಅಮೆರಿಕದ ಲೂಸಿಯಾನಾದಲ್ಲಿ ಫ್ರೆಂಚ್ ಮಾತಾಡುವ ಜನ ಕುಣಿಯಲೆಂದೇ ಕಟ್ಟಿಕೊಂಡ ಸಂಗೀತ ಅದು. ಮೈಸೂರಿನ ಹೆಣ್ಣುಮಗಳಿಗೆ, ಅದೂ ಲಂಡನ್ನಿನ ಈ ಕೆಂಟನ್ನಿನಲ್ಲಿ, ಎಲ್ಲಿಂದ ಗಂಟುಬಿತ್ತೋ ನೋಡಿ.

ಡಾಕ್ಟರ್ ಗಂಡನ ಜೊತೆ ಬಂದವರ ಪಿಟೀಲು ಹನ್ನೊಂದು ವರ್ಷ ಅಲಮಾರಿನ ಮೇಲೆಯೇ ಇತ್ತು. ಒಂದು ಶನಿವಾರ ತರಕಾರಿ ಚೀಲ ಹಿಡಿದು ಬರುವಾಗ ಚರ್ಚ್ ಹಾಲ್‌ನೊಳಗೆ ಇಣುಕಿದರು. ಎಪ್ಪತ್ತು ದಾಟಿದ ಹೇಜಲ್ ಎಂಬವರು ಪಿಟೀಲಿನ ಎರಡೆರಡು ತಂತಿ ಒಟ್ಟಿಗೆ ಉಜ್ಜುತ್ತ ಕೇಜನ್ ಪಾಠ ಮಾಡುತ್ತಿದ್ದರು. ಪುಸ್ತಕವಿಲ್ಲ, ಕಾಗದವಿಲ್ಲ. ಅವರು ಒಂದು ಸಾಲು ನುಡಿಸಿದರೆ ಕಲಿಯುವವರು ಅದನ್ನೇ ತಿರುಗಿ ನುಡಿಸಬೇಕು. ಮೈಸೂರಿನ ಗುರುಗಳ ಪಾಠವೂ ಹೀಗೇ ಇತ್ತಲ್ಲ ಎಂದು ವಿಶಾಲಾಕ್ಷಿಗೆ ಖುಷಿಯೋ ಖುಷಿ. ಮರುವಾರ ಪಿಟೀಲು ತಂದು, ಎಲ್ಲರೂ ಕುರ್ಚಿಯಲ್ಲಿದ್ದರೂ ತಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹೇಜಲ್ ತಾವೂ ಪಕ್ಕದಲ್ಲಿ ಹಾಗೇ ಕುಳಿತು ನೋಡಿದರು. ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಮೂರು ವರ್ಷದಲ್ಲಿ ವಿಶಾಲಾಕ್ಷಿ ಎಂಬತ್ತು ಹಾಡು ಕಲಿತರು. ಆದರೆ ಹಾಲ್‌ನಲ್ಲಿ ನಡೆಯುವ ಕುಣಿತಕ್ಕೆ ಅಕಾರ್ಡಿಯನ್ನಿನವನ ಜೊತೆ, ಎದೆಗೆ ತೂಗುಹಾಕಿಕೊಂಡ ಹಾರ್ಮೋನಿಯಂನಂಥದ್ದು ಅದು, ನುಡಿಸಿದಾಗಲೆಲ್ಲ ಕುಣಿಯುವವರ ಹೆಜ್ಜೆ ತೊಡರುತ್ತಿತ್ತು. ರೆಕಾರ್ಡ್ ಮಾಡಿ ಎಣಿಸಿದರೆ ತಾಳ ಸರಿಯಾಗಿಯೇ ಇದೆ. ಮತ್ತೇನು ಎಡವಟ್ಟು?

ಹಿಡಿದವಳು ಮಗಳು ಮಾನ್ಯಾ. “ಅಮ್ಮ, ಯು ಆರ್ ಆಲ್ವೇಸ್ ಬಿಹೈಂಡ್ ಹಿಮ್,” ಎಂದಳು.

“ಯಾರ ಹಿಂದೆಯೇ?”

“ದಿ ಅಕಾರ್ಡಿಯನ್ ಮ್ಯಾನ್.”

ಆಗ ಹೊಳೆಯಿತು. ಮೈಸೂರಿನಲ್ಲಿ ವರ್ಷಗಟ್ಟಲೆ ಹಾಡುವವರ ಪಕ್ಕದಲ್ಲಿ ಕುಳಿತು ಪಕ್ಕವಾದ್ಯ ನುಡಿಸಿದ ಕೈ ಅದು. ಹಾಡುವವರ ಸ್ವರವನ್ನು ಕೂದಲೆಳೆಯಷ್ಟು ಹಿಂದಿನಿಂದ ಹಿಡಿಯಬೇಕು, ಮುಂದೆ ನುಗ್ಗಿದರೆ ಮರ್ಯಾದೆಗೇಡು. ಇಲ್ಲಿಯೂ ಪಾಪ, ಅಕಾರ್ಡಿಯನ್ನಿನವನನ್ನೇ ವಿದ್ವಾಂಸನೆಂದುಕೊಂಡು ಅವನ ನೆರಳಾಗಿದ್ದರು. ಕುಣಿಯುವವರಿಗೆ ಒಂದೇ ಹೆಜ್ಜೆಗೆ ಎರಡು ಪೆಟ್ಟು ಕೇಳಿಸುತ್ತಿತ್ತು. ಗೊತ್ತಾದರೇನು, ಕೈ ಕೇಳಬೇಕಲ್ಲ.

ಅಷ್ಟರಲ್ಲಿ ಹೇಜಲ್ ಅವರ ಬೆರಳಿಗೆ ಸಂಧಿವಾತ ಬಂತು. ಮುಂದಿನ ಕುಣಿತಕ್ಕೆ ಅಕಾರ್ಡಿಯನ್ ಇಲ್ಲದೆ ವಿಶಾಲಾಕ್ಷಿ ಒಬ್ಬರೇ ನುಡಿಸಲಿ, ಜನ ಕುಣಿದರೆ ತರಗತಿ ಅವರದು, ಇಲ್ಲವಾದರೆ ಬಾಗಿಲು ಹಾಕುತ್ತೇನೆ ಎಂದರು. ವಿಶಾಲಾಕ್ಷಿಗೆ ಆ ತರಗತಿ ಬೇಕೇ ಬೇಕಿತ್ತು. ತಮಗಾಗಿ ಇಷ್ಟು ಗಟ್ಟಿಯಾಗಿ ಏನನ್ನಾದರೂ ಬಯಸಿದ್ದು ಅದೇ ಮೊದಲು, ಅದಕ್ಕೇ ಭಯ.

ಆ ಮಧ್ಯಾಹ್ನ ಹಾಲ್‌ನಲ್ಲಿ ಮೂವತ್ತು ಜನ. ವಿಶಾಲಾಕ್ಷಿ ಕಮಾನು ಎತ್ತಿ ಅಭ್ಯಾಸಬಲದಿಂದ ಹೇಜಲ್ ಅವರ ಮುಖ ನೋಡಿದರು. ಹೇಜಲ್ ಎದ್ದು, ಬೆನ್ನು ತಿರುಗಿಸಿ, ಒಬ್ಬ ಮುದುಕನ ಕೈಹಿಡಿದು ಕುಣಿಯುವವರ ನಡುವೆ ಹೋಗಿ ನಿಂತುಬಿಟ್ಟರು. ಇನ್ನು ಯಾರನ್ನು ನೋಡುವುದು? ಎದುರಿಗೆ ಬರೀ ಕಾಲುಗಳು, ಒಂದೂ ಅಲುಗುತ್ತಿರಲಿಲ್ಲ. ಮೈಸೂರಾಗಿದ್ದರೆ ಯಾರಾದರೂ ಮೊದಲ ಸ್ವರ ಹಾಡುವವರೆಗೆ ಸುಮ್ಮನಿರಬಹುದಿತ್ತು. ವಿಶಾಲಾಕ್ಷಿ ಹಲ್ಲು ಕಚ್ಚಿ ಕಮಾನು ಎಳೆದರು. ಹೇಜಲ್ ಅವರ ಹಳೆಯ ಕಂದು ಬೂಟು ಮೊದಲು ಎದ್ದಿತು, ಆಮೇಲೆ ಉಳಿದವು.

ಹಾಡು ಮುಗಿದರೂ ಯಾರೂ ಕುರ್ಚಿಯತ್ತ ಹೋಗಲಿಲ್ಲ. ಮುಂದಿನದು ಯಾವುದು ಎಂದು ಮೂವತ್ತು ಮುಖಗಳು ವಿಶಾಲಾಕ್ಷಿಯತ್ತ ತಿರುಗಿದವು.